ಶ್ರೀ ಅಲ್ಲಮಪ್ರಭುದೇವರ ಚರಿತ್ರೆಯೂ ದರ್ಶನಭೇದವೂ

ಶ್ರೀಮಠದ ಮಹೋತ್ಸವದ ಈ ಸ್ಮರಣಸಂಪುಟಕ್ಕೆ ಒಂದು ಲೇಖನವನ್ನು ಬರೆದು ಒಪ್ಪಿಸಬೇಕೆಂದು ಶ್ರೀಗಳವರ ಅಪ್ಪಣೆಯಾದಾಗ, ಯಾವ ಮಹನೀಯರ ಚರಿತ್ರೆಯನ್ನು ಬರೆಯಲೆಂದು ನಾನು ಹೆಚ್ಚು ಯೋಚಿಸಬೇಕಾಗಲಿಲ್ಲ. ಬಹುಕಾಲದಿಂದ ನನ್ನ ಮನಸ್ಸಿನಲ್ಲಿ ತೀರದೆ ಉಳಿದಿರುವ ಒಂದು ಋಣವಿದೆ. ಅದು ಶ್ರೀ ಅಲ್ಲಮಪ್ರಭುದೇವರ ಚರಿತ್ರೆಗೆ ಸಂಬಂಧಪಟ್ಟುದು. ಆ ಋಣವು ಯಾವುದೆಂಬುದನ್ನು ಮೊದಲು ಅರಿಕೆಮಾಡಿ ತರುವಾಯ ಚರಿತ್ರೆಗೆ ಬರುವೆನು.

2022ನೆಯ ಇಸವಿಯಲ್ಲಿ ಹಿರಿಯೂರು ಸೀಮೆಯ ಮಾರಿಕಣಿವೆಯ ಜಲಾಶಯವು ಕೋಡಿ ಬಿದ್ದುದನ್ನು ವಾಚಕರು ಮರೆತಿರಲಾರರು. ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಿದ ಈ ವಾಣೀವಿಲಾಸ ಸಾಗರವು ಅದಕ್ಕೆ ಮೊದಲು ಕೋಡಿ ಹರಿದುದು 1933ರಲ್ಲಿ. ಎಂಬತ್ತೊಂಬತ್ತು ವರ್ಷಗಳ ಮೇಲೆ ಮರಳಿ ಕಂಡ ಆ ನೋಟವನ್ನು ನೋಡಲು ಊರೂರಿನ ಜನರು ಬಂಡಿ ಬಸ್ಸುಗಳಲ್ಲಿ ನೆರೆದರು. ಕಾಲುವೆಯ ಕೆಳಗಿನ ಹಿರಿಯೂರ ರೈತನು ಆ ನೀರಿನಲ್ಲಿ ತನ್ನ ತೆಂಗು ಅಡಿಕೆಗಳ ಜೀವವನ್ನು ಕಂಡನು. ಹಿನ್ನೀರಿನ ಮಗ್ಗುಲಲ್ಲಿದ್ದ ಹೊಸದುರ್ಗ ಸೀಮೆಯ ರೈತನು ಅದೇ ನೀರಿನಲ್ಲಿ ತನ್ನ ಹೊಲ ಮುಳುಗುವ ಭೀತಿಯನ್ನು ಕಂಡನು. ಕಣಿವೆ ಮಾರಮ್ಮನಿಗೆ ಹಣ್ಣುಕಾಯಿ ಮಾಡಿಸಿದ ಮುದುಕಿಯು ತಾಯಿಯ ಕರುಣೆಯನ್ನು ಕಂಡಳು. ಇಂಜಿನಿಯರನು ಅಡಿಗಳ ಲೆಕ್ಕವನ್ನು ಕಂಡನು. ನೀರು ಒಂದೇ, ಸುಳ್ಳು ಹೇಳಿದವರು ಅವರಲ್ಲಿ ಒಬ್ಬರೂ ಇಲ್ಲ. ಆದರೆ ಆ ನಾಲ್ವರನ್ನೂ ಒಂದೆಡೆ ಕೂಡಿಸಿ ಕೇಳಿದರೆ ಒಂದೇ ವಸ್ತುವನ್ನು ಕುರಿತು ಮಾತನಾಡುತ್ತಿರುವರೆಂದು ತೋರದು. ನಮ್ಮ ಹಿರಿಯರು ಕಾಣುವ ಈ ಬಗೆಗಳನ್ನೇ ದರ್ಶನಗಳೆಂದು ಕರೆದರು.

ಇನ್ನು ನನ್ನ ಋಣದ ಮಾತು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಒಂದು ಶ್ರಾವಣಮಾಸದಲ್ಲಿ ಪ್ರಭುಲಿಂಗಲೀಲೆಯ ಪುರಾಣವನ್ನು ಹೇಳುವ ಸೇವೆಯು ನನ್ನ ಪಾಲಿಗೆ ಬಂದಿತ್ತು. ಒಂದು ರಾತ್ರಿ ಪುರಾಣವು ಮುಗಿದು, ಮಂಗಳಾರತಿಯಾಗಿ, ಜನರೆಲ್ಲ ಎದ್ದುಹೋದ ಮೇಲೆ ಹೊಳಲ್ಕೆರೆಯ ಕಡೆಯ ಒಬ್ಬ ರೈತನು ಕಂಬದ ಮರೆಯಲ್ಲಿಯೇ ಕುಳಿತಿದ್ದನು. ಹತ್ತಿರ ಬಂದು ಶರಣುಮಾಡಿ, ಪ್ರಭುದೇವರು ಎಂದಾದರೂ ಅತ್ತದ್ದುಂಟೇ ಬುದ್ಧಿ, ಎಂದು ಕೇಳಿದನು. ಅವನ ಹೆಂಡತಿಯು ತೀರಿಹೋಗಿ ಆಗ ಎರಡು ತಿಂಗಳಾಗಿತ್ತೆಂಬುದು ನನಗೆ ಆಮೇಲೆ ತಿಳಿಯಿತು. ಪ್ರಭುದೇವರು ಮಾಯಾತೀತರು, ಅವರಿಗೆ ಶೋಕವೆಲ್ಲಿಯದು ಎಂದು ನಾನು ಶಾಸ್ತ್ರೋಕ್ತವಾಗಿ ಉತ್ತರಕೊಟ್ಟೆನು. ಅವನು ಹಾಗೋ ಎಂದು ತಲೆಯಾಡಿಸಿ ಹೆಗಲ ವಸ್ತ್ರವನ್ನು ಸರಿಮಾಡಿಕೊಂಡು ಹೊರಟುಹೋದನು. ಆ ಶ್ರಾವಣದಲ್ಲಿ ಮತ್ತೆ ಅವನು ಪುರಾಣಕ್ಕೆ ಬರಲಿಲ್ಲ. ನಾನು ಹೇಳಿದುದು ಸುಳ್ಳಲ್ಲ. ಆದರೆ ಇದ್ದುದರಲ್ಲಿ ಅರ್ಧವನ್ನು ಮಾತ್ರ ಹೇಳಿದೆನು. ಉಳಿದರ್ಧವನ್ನು ಈಗ ಹೇಳುತ್ತಿರುವೆನು.

ಜನ್ಮಭೂಮಿ

ಪ್ರಭುದೇವರು 12ನೆಯ ಶತಮಾನದವರು. ಅವರ ಜನ್ಮಸ್ಥಳವು ಬನವಾಸಿ ನಾಡಿನ ಬಳ್ಳಿಗಾವೆ. ಇಂದು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿಗೆ ಸೇರಿದೆ. ಈಗ ಅದು ಸಣ್ಣ ಊರು. ಆಗ ಅದು ರಾಜಧಾನಿಗೆ ಸಮಾನವಾದ ಪಟ್ಟಣ. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಎಂಬ ಐದು ದೈವಗಳಿಗೆ ಸೇರಿದ ಮಠಗಳು ಅಲ್ಲಿದ್ದುವೆಂದು ಶಾಸನಗಳು ಸಾರುತ್ತವೆ. ಬೌದ್ಧವಿಹಾರವೊಂದು ಅಲ್ಲಿ ಹೊಸದಾಗಿ ನಿರ್ಮಿತವಾದುದು 1065ರಲ್ಲಿ. ಬೌದ್ಧಧರ್ಮವು ನಾಡಿನ ಬೇರೆ ಕಡೆಗಳಲ್ಲಿ ಕ್ಷೀಣವಾಗುತ್ತಿದ್ದ ಕಾಲದಲ್ಲಿ ಇದು ಗಮನಾರ್ಹವಾದ ಸಂಗತಿಯೇ ಸರಿ.

ಅಲ್ಲಿನ ಕೇದಾರೇಶ್ವರನ ಸನ್ನಿಧಿಯಲ್ಲಿ ಕೋಡಿಯ ಮಠವೆಂಬ ಕಾಳಾಮುಖ ಶೈವರ ಮಹಾಮಠವಿತ್ತು. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನವೊಂದು ಆ ಮಠವನ್ನು ವರ್ಣಿಸಿರುವ ಪರಿಯನ್ನು ಓದಿದರೆ ಮಠಗಳ ಸೇವೆಯಲ್ಲಿರುವ ನಮ್ಮಂಥವರ ಎದೆ ತುಂಬುವುದು. ವೇದವೇದಾಂಗಗಳೂ, ಹಲವು ವ್ಯಾಕರಣಗಳೂ, ನ್ಯಾಯ, ವೈಶೇಷಿಕ, ಮೀಮಾಂಸಾ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳೂ, ಲಾಕುಲ ಸಿದ್ಧಾಂತವೂ, ಪಾತಂಜಲ ಯೋಗವೂ, ಪುರಾಣ ಕಾವ್ಯ ನಾಟಕಗಳೂ ಅಲ್ಲಿ ವ್ಯಾಖ್ಯಾನಗೊಳ್ಳುತ್ತಿದ್ದುವು. ದೀನರು, ಅನಾಥರು, ಕುರುಡರು, ಕಿವುಡರು ಮೊದಲಾದವರಿಗೆ ಅಲ್ಲಿ ಅನ್ನ ದೊರೆಯುತ್ತಿತ್ತು. ರೋಗಿಗಳಿಗೆ ಔಷಧ ದೊರೆಯುತ್ತಿತ್ತು. ಕ್ಷಪಣಕ, ಏಕದಂಡಿ, ತ್ರಿದಂಡಿ, ಹಂಸ, ಪರಮಹಂಸರೆಂಬ ನಾನಾ ಪಂಥಗಳ ಭಿಕ್ಷುಗಳಿಗೆ ಭೇದವಿಲ್ಲದೆ ಆಶ್ರಯವಿತ್ತು. ಶೈವರ ಮಠವೊಂದು ಬೌದ್ಧದರ್ಶನವನ್ನು ಪಾಠ ಹೇಳುತ್ತಿತ್ತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಒಂದು ದರ್ಶನದೊಳಗೆ ನಿಂತವನು ಬೇರೆ ದರ್ಶನಗಳನ್ನು ಅರಿಯದಿದ್ದರೆ ತಾನು ನಿಂತ ನೆಲವನ್ನೂ ಅರಿಯಲಾರನೆಂಬ ವಿವೇಕವು ಆ ಕಾಲದವರಿಗಿತ್ತು.

ದರ್ಶನಕಾರರ ಸಿಪ್ಪೆ

ಆ ಪಟ್ಟಣದ ಬೀದಿಗಳಲ್ಲಿ ಬೆಳೆದ ಬಾಲಕನ ಕಿವಿಗೆ ಬಿದ್ದಿರಬಹುದಾದ ವಾದಗಳಲ್ಲಿ ಒಂದನ್ನು ಮಾತ್ರ ಇಲ್ಲಿ ನಿದರ್ಶನವಾಗಿ ಎತ್ತಿಕೊಳ್ಳುತ್ತೇನೆ. ಪಾಠಶಾಲೆಯಲ್ಲಿ ಕಲಿತವರಿಗೆ ಅದು ಚಿರಪರಿಚಿತವಾದುದು.

ಒಬ್ಬನು ಹೊಳೆಯ ದಂಡೆಯಲ್ಲಿ ನಡೆದುಹೋಗುತ್ತ ಹೊಳೆಯುವ ಕಪ್ಪೆಚಿಪ್ಪನ್ನು ಕಂಡು ಬೆಳ್ಳಿಯೆಂದು ಬಗ್ಗಿದನು. ಅವನು ಕಂಡುದೇನು? ಇಲ್ಲದ ಬೆಳ್ಳಿಯೇ ತೋರಿತೆಂದು ಮಾಧ್ಯಮಿಕ ಬೌದ್ಧನು ಹೇಳುವನು, ಇದು ಅಸತ್ಖ್ಯಾತಿ. ಒಳಗಿನ ಜ್ಞಾನದ ಆಕಾರವೇ ಹೊರಗೆ ಬೆಳ್ಳಿಯಾಗಿ ತೋರಿತೆಂದು ವಿಜ್ಞಾನವಾದಿಯು ಹೇಳುವನು, ಇದು ಆತ್ಮಖ್ಯಾತಿ. ಎದುರಿಗಿರುವುದನ್ನು ಕಂಡನು, ಬೆಳ್ಳಿಯನ್ನು ನೆನೆದನು, ಎರಡರ ಭೇದವನ್ನು ಅರಿಯಲಿಲ್ಲ, ಅಷ್ಟೇ ಎಂದು ಪ್ರಾಭಾಕರ ಮೀಮಾಂಸಕನು ಹೇಳುವನು, ಇದು ಅಖ್ಯಾತಿ. ಅಂಗಡಿಯಲ್ಲಿರುವ ಬೆಳ್ಳಿಯ ಧರ್ಮವು ಇಲ್ಲಿಯ ಚಿಪ್ಪಿನಲ್ಲಿ ತೋರಿತೆಂದು ನೈಯಾಯಿಕನು ಹೇಳುವನು, ಇದು ಅನ್ಯಥಾಖ್ಯಾತಿ. ಇದೆಯೆನ್ನಲೂ ಬಾರದ ಇಲ್ಲವೆನ್ನಲೂ ಬಾರದ ಬೆಳ್ಳಿಯೊಂದು ಆ ಕ್ಷಣಕ್ಕೆ ಹುಟ್ಟಿತೆಂದು ಅದ್ವೈತಿಯು ಹೇಳುವನು, ಇದು ಅನಿರ್ವಚನೀಯಖ್ಯಾತಿ. ಒಂದು ಚಿಪ್ಪಿಗೆ ಐದು ದರ್ಶನಗಳು; ಪ್ರತಿಯೊಂದರ ಬೆನ್ನಿಗೂ ಸಾವಿರಾರು ಪುಟಗಳ ಗ್ರಂಥಗಳು.

ಪ್ರಮಾಣಗಳ ಎಣಿಕೆಯಲ್ಲಿಯೂ ಇದೇ ಕಥೆ. ಚಾರ್ವಾಕನಿಗೆ ಪ್ರತ್ಯಕ್ಷವೊಂದೇ ಸಾಕು, ಬೌದ್ಧನಿಗೆ ಎರಡು ಬೇಕು, ಸಾಂಖ್ಯನಿಗೆ ಮೂರು, ನೈಯಾಯಿಕನಿಗೆ ನಾಲ್ಕು, ಭಾಟ್ಟ ಮೀಮಾಂಸಕನಿಗೆ ಆರು. ಜೈನನು ಒಂದೇ ವಸ್ತುವನ್ನು ಏಳು ಭಂಗಗಳಲ್ಲಿ ಹೇಳಬಹುದೆಂದು ಸ್ಯಾದ್ವಾದವನ್ನು ಮುಂದಿಡುವನು.

ನಾನು ಇವನ್ನೆಲ್ಲ ಕಂಠಪಾಠ ಮಾಡಿ, ಯಾರನ್ನು ಯಾವ ಯುಕ್ತಿಯಿಂದ ಖಂಡಿಸಬೇಕೆಂಬುದನ್ನು ಕಲಿತು, ಬಹಳ ವರ್ಷ ಹೆಮ್ಮೆಯಿಂದ ಇದ್ದವನು. ಒಂದು ಸಂಗತಿಯು ನನಗೆ ತಡವಾಗಿ ಹೊಳೆಯಿತು. ಐವರು ದರ್ಶನಕಾರರೂ ಒಂದು ಅಂಶದಲ್ಲಿ ಒಪ್ಪುತ್ತಾರೆ: ಆ ಮನುಷ್ಯನು ಬಗ್ಗಿದನು. ಏಕೆ ಬಗ್ಗಿದನು? ಹೊಳೆಯುವ ಚಿಪ್ಪು ಅವನಿಗೆ ನೀರಹನಿಯಾಗಿಯೋ ಹಕ್ಕಿಯ ಗರಿಯಾಗಿಯೋ ತೋರದೆ ಬೆಳ್ಳಿಯಾಗಿಯೇ ಏಕೆ ತೋರಿತು? ಅವನಿಗೆ ಬೆಳ್ಳಿಯು ಬೇಕಾಗಿತ್ತು. ಭ್ರಮೆಗೆ ಕಾರಣವಾದ ದೋಷಗಳಲ್ಲಿ ಲೋಭವನ್ನೂ ಶಾಸ್ತ್ರಕಾರರು ಎಣಿಸಿರುವರಾದರೂ ಅಲ್ಲಿ ನಿಲ್ಲದೆ ಬೇಗನೆ ಮುಂದಕ್ಕೆ ಸಾಗಿಬಿಡುವರು. ಪ್ರಭುದೇವರು ನಿಂತುದು ಅಲ್ಲಿಯೇ. ಮಾಯೆಯನ್ನು ವಸ್ತುಗಳಲ್ಲಿ ಅರಸದೆ, ಬಯಸಿ ನೋಡುವ ಮನಸ್ಸಿನಲ್ಲಿ ಅರಸಬೇಕೆಂಬುದು ಅವರ ಬೋಧೆಯ ಬೇರು. ಇದನ್ನು ಅವರು ಎಲ್ಲಿ ಕಲಿತರೆಂಬ ಪ್ರಶ್ನೆಗೆ ನಮ್ಮ ಪರಂಪರೆಯು ಎರಡು ಉತ್ತರಗಳನ್ನು ಕೊಡುತ್ತದೆ.

ಒಂದು ಜೀವನ, ಎರಡು ಚರಿತ್ರೆಗಳು

ಮೊದಲನೆಯ ಉತ್ತರವು ಹಂಪೆಯ ಹರಿಹರ ಮಹಾಕವಿಯದು. ಪ್ರಭುದೇವರ ಕಾಲಕ್ಕೆ ಸಮೀಪದಲ್ಲಿಯೇ, ಸುಮಾರು 1200ರ ಹೊತ್ತಿಗೆ ಇದ್ದ ಈ ಕವಿಯು ಪ್ರಭುದೇವರ ರಗಳೆಯಲ್ಲಿ ಹೇಳುವ ಕಥೆ ಹೀಗಿದೆ. ಅಲ್ಲಮನು ಬಳ್ಳಿಗಾವೆಯಲ್ಲಿ ನೃತ್ಯಗೀತಗಳ ವೃತ್ತಿಯವರ ಮನೆಯಲ್ಲಿ ಹುಟ್ಟಿ ಮದ್ದಳೆಯ ವಿದ್ಯೆಯಲ್ಲಿ ನಿಪುಣನಾದನು. ಕಮಲತೆಯೆಂಬ ಸುಂದರಿಯನ್ನು ಪ್ರೀತಿಸಿ ಕೈಹಿಡಿದನು. ಲೋಕವನ್ನೇ ಮರೆತು ಇಬ್ಬರೂ ಸುಖದಲ್ಲಿರುವಾಗ ಜ್ವರವು ಬಂದು ಕಮಲತೆಯು ತೀರಿಹೋದಳು. ಅಲ್ಲಮನು ಹುಚ್ಚನಂತಾಗಿ, ಅವಳ ಹೆಸರನ್ನು ಕೂಗುತ್ತ ಊರೂರು ಅಲೆದನು. ಹೀಗೆ ಅಲೆಯುತ್ತ ಒಂದು ದಿನ ಊರ ಹೊರಗಿನ ತೋಪಿನಲ್ಲಿ ಕುಳಿತು, ಶೂನ್ಯದೃಷ್ಟಿಯಿಂದ ಕಾಲಿನ ಉಗುರಿನಿಂದ ನೆಲವನ್ನು ಕೆರೆಯುತ್ತಿರಲು, ಮಣ್ಣಿನೊಳಗೆ ಹೊಳೆಯುವ ಕಳಸವೊಂದು ಗೋಚರವಾಯಿತು. ಅಗೆದಾಗ ಹೂತುಹೋಗಿದ್ದ ಗುಡಿಯು ಕಾಣಿಸಿತು. ಬಾಗಿಲನ್ನು ಒದೆದು ಒಳಹೊಕ್ಕರೆ, ಅಂಗೈಯ ಲಿಂಗದಲ್ಲಿ ದೃಷ್ಟಿಯನ್ನು ನೆಟ್ಟು ಕುಳಿತ ಯೋಗಿಯೊಬ್ಬರ ದರ್ಶನವಾಯಿತು. ಅವರೇ ಅನಿಮಿಷದೇವರು. ಅವರ ಕೈಯ ಲಿಂಗವು ಅಲ್ಲಮನ ಕೈಗೆ ಬಂದೊಡನೆ ಅವರ ಪ್ರಾಣವು ಬಯಲಾಯಿತು.

ಎರಡನೆಯ ಉತ್ತರವು ಚಾಮರಸನದು. 1424ರಿಂದ 1446ರವರೆಗೆ ವಿಜಯನಗರವನ್ನಾಳಿದ ಪ್ರೌಢದೇವರಾಯನ ಕಾಲದ ಈ ಕವಿಯು ಭಾಮಿನೀಷಟ್ಪದಿಯಲ್ಲಿ ರಚಿಸಿದ ಪ್ರಭುಲಿಂಗಲೀಲೆಯು ನಮ್ಮ ಮಠಗಳಲ್ಲಿ ಪುರಾಣವಾಗಿ ನಡೆದುಬಂದಿದೆ. ತಮಿಳು ಮೊದಲಾದ ಭಾಷೆಗಳಿಗೂ ಇಳಿದಿದೆ. ಅದರಲ್ಲಿ ಅಲ್ಲಮನು ನಿರಹಂಕಾರ ಸುಜ್ಞಾನಿಯರೆಂಬ ದಂಪತಿಗಳ ಮಗನು. ಕೈಲಾಸದಲ್ಲಿ ಪಾರ್ವತೀದೇವಿಯು ತನ್ನ ಮಾಯೆಗೆ ಒಳಪಡದವರಿಲ್ಲವೆಂದು ಹೆಮ್ಮೆಪಡಲು, ಅವಳ ತಾಮಸಾಂಶವು ಬನವಾಸಿಯ ಮಮಕಾರರಾಯನಿಗೆ ಮಾಯಾದೇವಿಯೆಂಬ ಮಗಳಾಗಿ ಹುಟ್ಟಿತು. ಮಧುಕೇಶ್ವರನ ಗುಡಿಯಲ್ಲಿ ಮದ್ದಳೆಯನ್ನು ನುಡಿಸುವ ಅಲ್ಲಮನನ್ನು ಕಂಡು ಅವಳು ಮೋಹಿಸಿದಳು. ಅವನ ಮದ್ದಳೆಗೆ ನಾಟ್ಯವಾಡಿದಳು. ಹಿಡಿಯಲು ಹೋದರೆ ಅವನು ಹಿಡಿಗೆ ಸಿಕ್ಕದೆ ಹೋದನು. ಇಲ್ಲಿ ಕಮಲತೆಯಿಲ್ಲ, ಜ್ವರವಿಲ್ಲ, ಅಳುವಿಲ್ಲ. ಸೋತವಳು ಮಾಯೆ, ಪ್ರಭುವು ಮೊದಲಿನಿಂದಲೂ ನಿರ್ಲಿಪ್ತನು.

ಈ ಎರಡು ಕಥೆಗಳಲ್ಲಿ ಯಾವುದು ನಿಜವೆಂದು ಪಂಡಿತರು ವಾದಿಸಿರುವುದುಂಟು. ಚರಿತ್ರಕಾರರು ಕಾಲಸಾಮೀಪ್ಯದಿಂದಲೂ ಲೌಕಿಕ ಸಂಭಾವ್ಯತೆಯಿಂದಲೂ ಹರಿಹರನ ಕಡೆಗೆ ವಾಲುವರು. ಭಕ್ತರು ತತ್ತ್ವದೃಷ್ಟಿಯಿಂದ ಚಾಮರಸನನ್ನು ಹಿಡಿಯುವರು. ನನಗೆ ತೋರುವುದಿಷ್ಟು. ಹರಿಹರನು ಪ್ರಭುವನ್ನು ಕೆಳಗಿನಿಂದ, ದಾರಿಯಲ್ಲಿ ನಡೆಯುವವನ ಕಣ್ಣಿನಿಂದ ಕಂಡನು. ಚಾಮರಸನು ಮೇಲಿನಿಂದ, ದಾರಿಯು ಮುಗಿದ ಎಡೆಯಿಂದ ಕಂಡನು. ಬೆಟ್ಟವನ್ನು ಹತ್ತುವವನಿಗೆ ಪ್ರತಿ ಮೆಟ್ಟಿಲೂ ಏದುಸಿರು. ತುದಿಯಲ್ಲಿ ನಿಂತು ನೋಡುವವನಿಗೆ ಮೆಟ್ಟಿಲುಗಳೇ ಕಾಣವು. ಆದರೆ ಕೆಳಗಿರುವವನಿಗೆ ಮೆಟ್ಟಿಲೇ ಇಲ್ಲವೆಂದು ಹೇಳುವುದು ತಪ್ಪು. ಅಂದು ಕಂಬದ ಮರೆಯಲ್ಲಿದ್ದ ರೈತನಿಗೆ ನಾನು ಹೇಳಿದುದು ಅದನ್ನೇ.

ಅನಿಮಿಷದೃಷ್ಟಿ

ಎರಡು ಕಥೆಗಳೂ ಅನಿಮಿಷದೇವರ ಗುಡಿಯಲ್ಲಿ ಕೂಡುತ್ತವೆ. ಚಾಮರಸನಲ್ಲಿ ತೋಟದ ಕೆಲಸದಲ್ಲಿ ಮುಳುಗಿದ ಗೊಗ್ಗಯ್ಯನ ಪ್ರಸಂಗವು ಮೊದಲು ಬರುತ್ತದೆ. ಹೊರಗಿನ ತೋಟವನ್ನಷ್ಟೇ ಕಂಡಿದ್ದ ಅವನಿಗೆ ದೇಹವೂ ಒಂದು ತೋಟವೆಂದು, ಅಲ್ಲಿಯೂ ಕಳೆ ಕೀಳುವ ಕೆಲಸವಿದೆಯೆಂದು ಪ್ರಭುದೇವರು ತಿಳಿಸುವರು. ತರುವಾಯ ನೆಲದೊಳಗಿನ ಗುಡಿಯೂ ಅನಿಮಿಷರೂ.

ಅನಿಮಿಷವೆಂದರೆ ರೆಪ್ಪೆ ಬಡಿಯದುದು. ನಾವು ನೋಡುವಾಗ ಕ್ಷಣಕ್ಷಣಕ್ಕೂ ರೆಪ್ಪೆಯನ್ನು ಮುಚ್ಚುತ್ತೇವೆ. ಮುಚ್ಚಿ ತೆರೆಯುವ ನಡುವೆ ನಮ್ಮ ಬೇಕುಬೇಡಗಳು ಒಳನುಗ್ಗಿ ಕಂಡುದರ ಮೇಲೆ ತಮ್ಮ ಬಣ್ಣವನ್ನು ಬಳಿಯುತ್ತವೆ. ರೆಪ್ಪೆ ಬಡಿಯದ ನೋಟವೆಂದರೆ ಬೇಕುಬೇಡಗಳು ನುಸುಳದ ನೋಟವೆಂದು ಭಾವಿಸಬಹುದು. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ದೃಷ್ಟಿಯನ್ನು ನಿಲ್ಲಿಸುವ ನಮ್ಮ ಪೂಜಾವಿಧಾನದ ಮರ್ಮವೂ ಇದೇ ಆಗಿದೆ. ಇನ್ನೊಂದು ವಿಶೇಷವನ್ನು ಗಮನಿಸಬೇಕು. ಅನಿಮಿಷರು ಅಲ್ಲಮನಿಗೆ ಒಂದು ಮಾತನ್ನೂ ಉಪದೇಶಿಸಲಿಲ್ಲ. ಯಾವ ದರ್ಶನವನ್ನೂ ಬೋಧಿಸಲಿಲ್ಲ. ಲಿಂಗವು ಕೈಯಿಂದ ಕೈಗೆ ಬಂದಿತು, ಅಷ್ಟೇ. ಆದುದರಿಂದಲೇ ಪ್ರಭುದೇವರು ಮುಂದೆ ಯಾವ ದರ್ಶನದ ವಕ್ತಾರರೂ ಆಗಲಿಲ್ಲ. ಗುಹೇಶ್ವರಾಂಕಿತದ ಅವರ ವಚನಗಳಲ್ಲಿ ಅನೇಕವು ಬೆಡಗಿನ ರೂಪದಲ್ಲಿರುವುದಕ್ಕೂ ಇದೇ ಕಾರಣವಿರಬೇಕು. ಬೆಡಗು ಓದುವವನ ರೂಢಿಯ ಅರ್ಥಗಳನ್ನು ಕಿತ್ತುಹಾಕಿ ಬರಿಗಣ್ಣಿನಿಂದ ನೋಡುವಂತೆ ಮಾಡುತ್ತದೆ.

ಸಂಚಾರ

ಅಲ್ಲಿಂದ ಮುಂದೆ ಪ್ರಭುದೇವರದು ನಿರಂತರ ಸಂಚಾರ. 15, 16ನೆಯ ಶತಮಾನಗಳಲ್ಲಿ ಶಿವಗಣಪ್ರಸಾದಿ ಮಹದೇವಯ್ಯ, ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣ ಈ ನಾಲ್ವರು ಸಂಯೋಜಿಸಿದ ಶೂನ್ಯಸಂಪಾದನೆಗಳು ಈ ಸಂಚಾರವನ್ನು ಸಂವಾದರೂಪದಲ್ಲಿ ಹೆಣೆದಿವೆ. ಅಲ್ಲಿ ಎದುರಾಗುವ ಪ್ರತಿಯೊಬ್ಬರೂ ದೊಡ್ಡವರು. ಪ್ರತಿಯೊಬ್ಬರಿಗೂ ಒಂದು ದೃಷ್ಟಿಯಿದೆ. ಆ ದೃಷ್ಟಿಯ ಒಂದು ಮೂಲೆಯಲ್ಲಿ ನಾನು ಎಂಬುದು ಅಡಗಿ ಕುಳಿತಿದೆ. ಪ್ರಭುದೇವರು ಅವರ ದೃಷ್ಟಿಯನ್ನು ಕಿತ್ತೊಗೆಯದೆ ಆ ಮೂಲೆಗೆ ದೀಪವನ್ನು ಹಿಡಿಯುವರು.

ಮುಕ್ತಾಯಕ್ಕನು ತನಗೆ ಅಣ್ಣನೂ ಗುರುವೂ ಆಗಿದ್ದ ಅಜಗಣ್ಣನನ್ನು ಕಳೆದುಕೊಂಡು ಶೋಕಿಸುತ್ತಿದ್ದಳು. ಬೆಳಕಿನಲ್ಲಿ ಬೆಳಕಾದವನಿಗಾಗಿ ಅಳುವುದೇಕೆಂದು ಪ್ರಭುದೇವರು ಕೇಳಿದರು. ಅವಳು ಸುಮ್ಮನಾಗಲಿಲ್ಲ. ಮಾತನ್ನು ಮೀರಿದ ನಿಲವನ್ನು ಮಾತಿನಿಂದಲೇ ಹೇಳಲು ಬಂದ ನಿಮ್ಮ ನಿಲವೆಂಥದು ಎಂಬ ಭಾವದಿಂದ ಪ್ರಭುದೇವರನ್ನೇ ಪರೀಕ್ಷಿಸಿದಳು. ಅವರು ಕೋಪಿಸಲಿಲ್ಲ, ಆ ಪರೀಕ್ಷೆಗೆ ತಮ್ಮನ್ನು ಒಡ್ಡಿಕೊಂಡರು, ಅವಳ ಶೋಕದೊಡನೆ ಕುಳಿತು ಬಹಳ ಹೊತ್ತು ಸಂವಾದಿಸಿದರು. ಹೊಳಲ್ಕೆರೆಯ ರೈತನಿಗೆ ಒಂದೇ ವಾಕ್ಯದಲ್ಲಿ ಉತ್ತರಕೊಟ್ಟು ಪುಸ್ತಕವನ್ನು ಮುಚ್ಚಿದ ನನಗೆ ಈ ಪ್ರಸಂಗವನ್ನು ಓದುವಾಗಲೆಲ್ಲ ನಾಚಿಕೆಯಾಗುತ್ತದೆ.

ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಸಿದ್ಧರಾಮರು ಸಾವಿರಾರು ಮಂದಿಯನ್ನು ಕೂಡಿಸಿ ಕೆರೆ ಗುಡಿಗಳನ್ನು ಕಟ್ಟಿಸುತ್ತಿದ್ದರು. ಪ್ರಭುದೇವರು ಬಂದು, ಒಡ್ಡರೊಡೆಯನಾದ ನಿಮ್ಮ ಸಿದ್ಧರಾಮನೂ ಒಬ್ಬ ಒಡ್ಡನೆಂದು ಕೆಲಸಗಾರರ ಮುಂದೆ ನುಡಿದರು. ಅವರು ಸಿಟ್ಟಿನಿಂದ ಕಲ್ಲುಗಳನ್ನೆಸೆದರು, ಕಲ್ಲುಗಳು ತಾಗಲಿಲ್ಲ. ಸಿದ್ಧರಾಮರೇ ಬಂದು ಹಣೆಗಣ್ಣನ್ನು ತೆರೆದರು. ಆ ಬೆಂಕಿಯು ಪ್ರಭುವನ್ನು ಸುಡಲಿಲ್ಲ.

ಈ ಪ್ರಸಂಗದಲ್ಲಿ ನಮ್ಮ ಸೀಮೆಯವರಿಗೆ ಒಂದು ಸಂಶಯವು ಹುಟ್ಟುವುದು ಸಹಜ. ಮಳೆ ತಪ್ಪಿದರೆ ಗುಳೆ ಹೊರಡಬೇಕಾದ ಬಯಲುಸೀಮೆಯ ನಾವು ಕೆರೆ ಕಟ್ಟಿಸಿದವರನ್ನು ದೇವರೆಂದು ಎಣಿಸುವವರು. ಮಣ್ಣು ಕಲ್ಲುಗಳ ಕೆಲಸದಿಂದ ನಾಡನ್ನು ಕಟ್ಟಿದ ಭೋವಿ ಸಮಾಜದವರು ಸಿದ್ಧರಾಮರನ್ನೇ ಕುಲಗುರುವೆಂದು ಪೂಜಿಸುವರು. ಅವರ ಗುರುಪೀಠವು ಚಿತ್ರದುರ್ಗದಲ್ಲಿಯೇ ಇದೆ. ಹೀಗಿರಲು ಪ್ರಭುದೇವರು ಕೆರೆಯನ್ನೂ ಆ ಕಸಬನ್ನೂ ಹೀಗಳೆದರೇ? ಇಲ್ಲವೆಂದೇ ನನ್ನ ನಂಬಿಕೆ. ಕೆರೆಯನ್ನು ಮುಚ್ಚೆಂದು ಅವರು ಹೇಳಲಿಲ್ಲ. ಸೊಲ್ಲಾಪುರದ ಕೆರೆಯು ಇಂದಿಗೂ ಇದೆ. ಒಡ್ಡನೆಂಬ ಮಾತು ಬೈಗುಳವಾಗಿ ಕೇಳಿದುದು ಕೇಳಿದವರ ಕಿವಿಗೆ. ದುಡಿಯುವವನ ಹೆಸರಿನಿಂದ ತನ್ನನ್ನು ಕರೆದುದಕ್ಕೆ ಸಿದ್ಧರಾಮರಿಗೆ ಕೋಪವು ಬಂದುದೇಕೆ? ಕೆರೆಯ ಕಟ್ಟೆಯ ಮೇಲೆ ಕಟ್ಟಿಸಿದವನ ಹೆಮ್ಮೆಯು ನಿಂತಿತ್ತು. ಪರೋಪಕಾರದ ದೃಷ್ಟಿಯೊಳಗೂ ನಾನು ಎಂಬುದು ಅಡಗಬಲ್ಲುದೆಂಬುದಕ್ಕೆ ಆ ಕೋಪವೇ ಪ್ರಮಾಣವಾಯಿತು. ಸಿದ್ಧರಾಮರು ಅದನ್ನು ಕಂಡರು, ಕಂಡು ಬಾಗಿದರು, ಪ್ರಭುವಿನೊಡನೆ ಕಲ್ಯಾಣಕ್ಕೆ ನಡೆದು ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆಯನ್ನು ಪಡೆದರು.

ಕಲ್ಯಾಣದಲ್ಲಿ

ಕಲ್ಯಾಣದಲ್ಲಿ ನಡೆದುದು ಇನ್ನೂ ಸೂಕ್ಷ್ಮವಾದುದು. ಪ್ರಭುದೇವರೂ ಸಿದ್ಧರಾಮರೂ ಮಹಾಮನೆಯ ಬಾಗಿಲಿಗೆ ಬಂದು ನಿಂತಾಗ ಬಸವಣ್ಣನವರು ಲಿಂಗಪೂಜೆಯಲ್ಲಿದ್ದರು. ಹಡಪದ ಅಪ್ಪಣ್ಣನನ್ನು ಕಳುಹಿಸಿ ಒಳಗೆ ಬರಮಾಡೆಂದರು; ಪ್ರಭುದೇವರು ಬರಲಿಲ್ಲ. ಹೊಸ್ತಿಲಲ್ಲಿ ನಿಂತ ಜಂಗಮನೇ ಪೂಜೆಗೊಳ್ಳುವ ಲಿಂಗವೆಂಬುದನ್ನು ಚೆನ್ನಬಸವಣ್ಣನವರು ನೆನಪಿಗೆ ತಂದಮೇಲೆ ಬಸವಣ್ಣನವರು ತಾವೇ ಎದ್ದುಬಂದು ಪಾದಕ್ಕೆರಗಿದರು. ಅಂಗೈಯನ್ನು ನೋಡುವ ಕಣ್ಣು ಅಂಗಳವನ್ನು ಕಾಣದೆ ಹೋದರೆ ಭಕ್ತಿಯೂ ಒಂದು ತೆರೆಯಾಗುವುದು. ಬಸವಣ್ಣನವರಂಥ ಮಹಾತ್ಮರ ಕಥೆಯಲ್ಲಿಯೂ ಈ ಮರೆವನ್ನು ಮುಚ್ಚಿಡದೆ ಹೇಳಿದ ನಮ್ಮ ಪೂರ್ವಿಕರ ಧೈರ್ಯವನ್ನು ಮೆಚ್ಚಬೇಕು.

ಬಳ್ಳಿಗಾವೆಗೆ ಸಮೀಪದ ಉಡುತಡಿಯಿಂದ ಎಲ್ಲವನ್ನೂ ತೊರೆದು ಬಂದ ಮಹಾದೇವಿಯಕ್ಕನನ್ನು ಅನುಭವಮಂಟಪದಲ್ಲಿ ಪ್ರಭುದೇವರು ಕಠಿಣವಾಗಿ ಪ್ರಶ್ನಿಸಿದರು. ಉಡುಗೆಯನ್ನು ಬಿಟ್ಟವಳು ಕೂದಲಿನಿಂದ ಮೈಯನ್ನು ಮರೆಸಿಕೊಂಡುದೇಕೆಂದು ಕೇಳಿದರು. ತ್ಯಾಗವೂ ಒಂದು ವೇಷವಾಗಬಹುದಲ್ಲವೇ! ಇನ್ನೂ ಬಲಿಯದ ಕಣ್ಣುಗಳಿಗೆ ನೋವಾಗದಿರಲೆಂಬ ಕರುಣೆಯಿಂದ ಮರೆಸಿದೆನೆಂಬುದು ಅಕ್ಕನ ಉತ್ತರದ ತಾತ್ಪರ್ಯ. ತಾನು ಬಯಲಾಗಿದ್ದರೂ ನೋಡುವವನ ದೃಷ್ಟಿಯ ಇತಿಮಿತಿಯನ್ನು ಅರಿತು ನಡೆಯುವ ಈ ವಿವೇಕಕ್ಕೆ ಪ್ರಭುದೇವರು ತಲೆದೂಗಿದರು. ಅಲ್ಲಿ ಗುರುವಿಗೆ ಉತ್ತರವು ಶಿಷ್ಯೆಯಿಂದ ದೊರೆಯಿತು.

ಗೋರಕ್ಷನು ಯೋಗದಿಂದ ದೇಹವನ್ನು ವಜ್ರವನ್ನಾಗಿ ಮಾಡಿಕೊಂಡಿದ್ದ ಸಿದ್ಧನು. ಅವನ ಮೈಗೆ ಖಡ್ಗವು ತಾಗಿದಾಗ ಲೋಹಕ್ಕೆ ಲೋಹ ಬಡಿದಂತೆ ಸದ್ದಾಯಿತು. ಅದೇ ಖಡ್ಗವನ್ನು ಪ್ರಭುವಿನ ಮೇಲೆ ಬೀಸಿದಾಗ ಬಯಲಿನಲ್ಲಿ ಬೀಸಿದಂತೆ ಹಾಯ್ದುಹೋಯಿತು. ಗಟ್ಟಿಯಾದುದೇ ಸತ್ಯವೆಂದು ಕಾಣುವ ದೃಷ್ಟಿ ಒಂದು. ತಡೆಯಿಲ್ಲದುದೇ ಸತ್ಯವೆಂದು ಕಾಣುವ ದೃಷ್ಟಿ ಇನ್ನೊಂದು. ಗೋರಕ್ಷನು ತನ್ನ ಸಾಧನೆಯ ಗಟ್ಟಿತನವೇ ತನಗೆ ಸೆರೆಯಾಗಿದ್ದುದನ್ನು ಅರಿತು ಶರಣಾದನು.

ಸ್ಥಲಗಳೂ ಇಂದ್ರಿಯಗಳೂ

ಹಾಗಾದರೆ ಎಲ್ಲ ದೃಷ್ಟಿಗಳೂ ಸಮಾನವೇ? ಯಾರು ಹೇಗೆ ಕಂಡರೂ ಸರಿಯೇ? ಪ್ರಭುದೇವರ ಚರಿತ್ರೆಯು ಹಾಗೆ ಹೇಳುವುದಿಲ್ಲ. ಶಿಷ್ಯರು ಈ ಎಡೆಯಲ್ಲಿ ಜಾರಬಾರದು.

ನಮ್ಮ ಷಟ್ಸ್ಥಲ ಸಿದ್ಧಾಂತವು ಇದಕ್ಕೆ ದಾರಿಯನ್ನು ತೋರಿಸುತ್ತದೆ. ಸ್ಥಲವೆಂದರೆ ನಿಲ್ಲುವ ಎಡೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಎಡೆಗಳಿಂದ ನೋಡುವವನಿಗೆ ಒಂದೇ ಲಿಂಗವು ಆಚಾರ, ಗುರು, ಶಿವ, ಜಂಗಮ, ಪ್ರಸಾದ, ಮಹಾಲಿಂಗಗಳೆಂದು ಆರು ಬಗೆಯಾಗಿ ತೋರುವುದು. ಅಂತೆಯೇ ಮೂಗು, ನಾಲಿಗೆ, ಕಣ್ಣು, ಚರ್ಮ, ಕಿವಿ, ಹೃದಯಗಳು ಈ ಆರು ಲಿಂಗಗಳಿಗೆ ಕ್ರಮವಾಗಿ ಮುಖಗಳಾಗುವುವು. ಇಂದ್ರಿಯಗಳು ಮೋಸಗಾರರೆಂದು ಅವನ್ನು ಕಟ್ಟಿಹಾಕಲು ಹೇಳುವ ದರ್ಶನಗಳುಂಟು. ಇಂದ್ರಿಯಗಳು ಕಂಡುದೇ ಸರ್ವಸ್ವವೆನ್ನುವ ದರ್ಶನಗಳೂ ಉಂಟು. ಶರಣರು ಎರಡನ್ನೂ ಬಿಟ್ಟು, ನನ್ನ ಕಣ್ಣು ಎಂಬಲ್ಲಿಯ ನನ್ನ ಎಂಬುದನ್ನು ಕಳೆದು ಕಣ್ಣನ್ನು ಲಿಂಗಕ್ಕೆ ಒಪ್ಪಿಸಿದರು. ಆಗ ಅನುಭವವೆಲ್ಲವೂ ಪ್ರಸಾದವಾಗುವುದು.

ಆರು ಸ್ಥಲಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಯಾವುದರಲ್ಲಿಯೂ ಗೂಟ ಹೊಡೆದು ನಿಲ್ಲಬಾರದು. ದೃಷ್ಟಿಯೊಂದು ನನ್ನನ್ನು ಮುಂದಕ್ಕೆ ನಡೆಸುವುದೋ, ನಾನು ಎಂಬುದನ್ನು ಕರಗಿಸುವುದೋ, ಅಥವಾ ಅದನ್ನು ಕೊಬ್ಬಿಸುವುದೋ ಎಂಬುದೇ ಪರೀಕ್ಷೆ. ಪ್ರಭುದೇವರು ಗೊಗ್ಗಯ್ಯನಿಂದ ಗೋರಕ್ಷನವರೆಗೆ ಎಲ್ಲರನ್ನೂ ಒರೆಗೆ ಹಚ್ಚಿದುದು ಈ ಒಂದೇ ಕಲ್ಲಿಗೆ. ಶೂನ್ಯವೆಂಬ ಮಾತಿನ ಅರ್ಥವನ್ನೂ ಹೀಗೆಯೇ ತಿಳಿಯಬೇಕು. ಅದು ಏನೂ ಇಲ್ಲದ ಅಭಾವವಲ್ಲ. ಅಡ್ಡವಾಗಿ ನಿಂತ ನಾನು ಸರಿದಾಗ ಕಾಣುವ ಬಯಲು.

ಕದಳಿ ಮತ್ತು ನಮ್ಮ ಸೀಮೆ

ಬಸವಣ್ಣನವರು ಅಣಿಗೊಳಿಸಿದ ಶೂನ್ಯಸಿಂಹಾಸನವನ್ನು ಪ್ರಭುದೇವರು ಏರಿದರು. ಕಲ್ಯಾಣದ ಸಿರಿಯು ಬಹುಕಾಲ ಉಳಿಯಲಿಲ್ಲ. 1167ರ ಸುಮಾರಿಗೆ ಬಿಜ್ಜಳನ ಅಂತ್ಯವೂ ಶರಣರ ಚದುರುವಿಕೆಯೂ ನಡೆದುವು. ಪ್ರಭುದೇವರು ಶ್ರೀಶೈಲದ ಕದಳಿಯಲ್ಲಿ ಬಯಲಾದರೆಂದು ಪರಂಪರೆಯು ಹೇಳುತ್ತದೆ. ಅವರ ಹಿಂದೆ ಉಳಿದುದು ಸಾವಿರಕ್ಕೂ ಮಿಕ್ಕ ವಚನಗಳು.

ಕಲ್ಯಾಣದ ಆ ಶೂನ್ಯಸಿಂಹಾಸನದ ಪರಂಪರೆಯನ್ನು ತಮ್ಮದೆಂದು ನೆನೆಯುವ ಮಠಗಳು ನಾಡಿನಲ್ಲಿ ಹಲವಿವೆ. ಚಿತ್ರದುರ್ಗದ ಮುರುಘಾಮಠದ ಪೀಠಕ್ಕೆ ಶೂನ್ಯಪೀಠವೆಂದೇ ಪ್ರಸಿದ್ಧಿ. 1689ರಿಂದ 1721ರವರೆಗೆ ದುರ್ಗವನ್ನಾಳಿದ ಭರಮಣ್ಣನಾಯಕನು ಮುರಿಗೆಯ ಶಾಂತವೀರಸ್ವಾಮಿಗಳಿಗೆ ಭಕ್ತನಾಗಿ ಮಠವನ್ನು ಕಟ್ಟಿಸಿಕೊಟ್ಟನು. ಏಳು ಸುತ್ತಿನ ಕೋಟೆಯ ಒಡೆಯನು ಶೂನ್ಯದ ಪೀಠಕ್ಕೆ ತಲೆಬಾಗಿದನೆಂಬುದು ಅರ್ಥವತ್ತಾದ ಸಂಗತಿ. ಸುತ್ತುಗಳನ್ನು ಎಷ್ಟು ಕಟ್ಟಿದರೂ ಒಳಗಿನ ಬಯಲಿಗೆ ಗೋಡೆಯಿಲ್ಲ.

ಈಗ ನನ್ನ ಋಣಕ್ಕೆ ಮರಳುತ್ತೇನೆ. ಆ ರೈತನು ಈಗ ಎಲ್ಲಿರುವನೋ ತಿಳಿಯದು. ಮಠದ ಭಕ್ತರ ಮನೆಗಳಿಗೆ ಹೋಗುವ ಈ ಸಂಪುಟವು ಅವನ ಮನೆಗೂ ಹೋಗಬಹುದೆಂಬ ಆಸೆಯಿಂದ ಅವನ ಪ್ರಶ್ನೆಗೆ ಪೂರ್ಣವಾದ ಉತ್ತರವನ್ನು ಇಲ್ಲಿ ಬರೆದಿಡುತ್ತೇನೆ. ಅಹುದಪ್ಪ, ಪ್ರಭುದೇವರು ಅತ್ತರು. ಹೆಂಡತಿಯು ಜ್ವರದಿಂದ ತೀರಿಹೋದಾಗ ಅವಳ ಹೆಸರನ್ನು ಕೂಗುತ್ತ ಹುಚ್ಚರಂತೆ ಅಲೆದರು. ಹಾಗೆ ಅಲೆದು ಕುಳಿತಾಗಲೇ ಅವರ ಕಾಲಿನ ಉಗುರಿಗೆ ಕಳಸವು ತಾಗಿತು. ಆಮೇಲೆ ಅವರು ಶೋಕವನ್ನು ದಾಟಿದರೆಂಬುದೂ ನಿಜ. ಅಂದು ನಾನು ದಾಟಿದುದನ್ನು ಹೇಳಿದೆ, ಅತ್ತುದನ್ನು ಹೇಳಲಿಲ್ಲ. ತಪ್ಪು ನನ್ನದು, ಚಾಮರಸನದಲ್ಲ.

ಭಕ್ತರೂ ಶಿಷ್ಯರೂ ಎರಡು ಚರಿತ್ರೆಗಳನ್ನೂ ಓದಬೇಕೆಂದು ಪ್ರಾರ್ಥಿಸುತ್ತೇನೆ. ಎದೆಗೆ ನೋವಾದ ದಿನ ಹರಿಹರನನ್ನು ಓದಿರಿ. ತಲೆಗೆ ಹೆಮ್ಮೆಯೇರಿದ ದಿನ ಚಾಮರಸನನ್ನು ಓದಿರಿ. ಪ್ರಶ್ನೆಯನ್ನು ಹೊತ್ತು ಬಂದವನಿಗೆ ಉತ್ತರವನ್ನು ಕೊಡುವ ಮೊದಲು ಅವನು ಯಾವ ಎಡೆಯಲ್ಲಿ ನಿಂತು ಕೇಳುತ್ತಿರುವನೆಂಬುದನ್ನು ಕೇಳಿ ತಿಳಿಯಿರಿ. ಈ ಅಲ್ಪ ಸೇವೆಯನ್ನು ಶ್ರೀಗುರುವಿನ ಅಡಿದಾವರೆಗಳಲ್ಲಿ ಅರ್ಪಿಸಿ, ಪ್ರಭುದೇವರ ಕರುಣೆಯು ಸರ್ವರ ಮೇಲೂ ಇರಲೆಂದು ಬೇಡಿಕೊಂಡು ವಿರಮಿಸುತ್ತೇನೆ.